ಚಿಮಟದಕ್ಕ ತೊಳೆದ ಬಿಲ್ಲೆಗಳು

ನಮ್ಮ ಕಾಲೇಜಿನ ಪಾಲಿಮರ್ ಲ್ಯಾಬಿನಲ್ಲಿ ಡಾಕ್ಟರೇಟ್ ಇದ್ದವರು ಇಬ್ಬರು, ಕೆಲಸ ಬರುತ್ತಿದ್ದವರು ಒಬ್ಬರು. ಆ ಒಬ್ಬರು ಆ ಇಬ್ಬರಲ್ಲಿ ಇರಲಿಲ್ಲ. ಅವರು ಅಟೆಂಡರ್. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಚಿಮಟ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಚಿಮಟದಕ್ಕ.

ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಗಳನ್ನು ತೊಳೆಯುವುದು, ಅವುಗಳ ಮೇಲೆ ಪಾಲಿಮರ್ ಎಳೆಗಳನ್ನು ನೆಡುವುದು, ಮತ್ತೆ ತೊಳೆದು ಕೊಡುವುದು ಅಕ್ಕನ ಕೆಲಸ. ಹತ್ತೊಂಬತ್ತು ವರ್ಷದ ಹಿಂದೆ ನೆಲ ಒರೆಸಲು ಸೇರಿದವರು. ನೆಲದಿಂದ ಮೇಜಿಗೆ, ಮೇಜಿನಿಂದ ಬಿಲ್ಲೆಗೆ, ಒರೆಸುವ ಜಾಗ ಚಿಕ್ಕದಾಗುತ್ತ ಬಂದಿತ್ತು; ಹುದ್ದೆಯ ಹೆಸರು ಮಾತ್ರ ಅದೇ. ಮನೆ ಒಂದು ಕನ್ನಡಕದಂಗಡಿಯ ಮೇಲಿನ ಎರಡು ಕೋಣೆ. ಗಂಡ ಕೆಳಗೆ ದಿನವೆಲ್ಲ ಗಾಜು ಉಜ್ಜಿ ಮೇಲೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ಆ ಕೆಲಸವನ್ನು ಅತ್ತೆ ಸೊಸೆ ಹಂಚಿಕೊಂಡಿದ್ದರು.

ನೆಟ್ಟ ಎಳೆಗಳ ಸಂಗತಿ ಇಷ್ಟು. ಒಂದೊಂದು ಎಳೆಯಲ್ಲೂ ಎರಡು ಬಗೆಯ ಪ್ಲಾಸ್ಟಿಕ್, ತುದಿಗೆ ತುದಿ ಬೆಸೆದದ್ದು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು. ಬಿಡಿಬಿಡಿಯಾಗಿದ್ದರೆ ಎಣ್ಣೆ ನೀರಿನ ಹಾಗೆ ದೂರ ಸರಿದುಬಿಡುತ್ತಿದ್ದವು. ಆದರೆ ಬೆಸುಗೆ ಬಿಡುವುದಿಲ್ಲ, ಮೇಲಾಗಿ ಎಳೆಯ ಬುಡ ಬಿಲ್ಲೆಗೆ ಅಂಟಿಕೊಂಡಿದೆ. ಓಡುವಂತಿಲ್ಲ, ಬೆರೆಯುವಂತಿಲ್ಲ. ಇದ್ದಲ್ಲೇ ಮುಖ ತಿರುಗಿಸಿಕೊಂಡು ತಮ್ಮ ತಮ್ಮವರ ಜೊತೆ ಪುಟ್ಟ ಗುಂಪು ಕಟ್ಟಿಕೊಳ್ಳುತ್ತವೆ. ಇಡೀ ಪದರ ಸೋಪಿನ ಗುಳ್ಳೆಯ ಪೊರೆಗಿಂತ ತೆಳು, ಕಣ್ಣಿಗೆ ಏನೂ ಕಾಣದು. ಮೇಲೆ ಬಂದು ಕೂತಿರುವುದು ಯಾವ ತುಂಡು ಎಂದು ತಿಳಿಯಲು ಒಂದು ಹನಿ ನೀರು ಬಿಟ್ಟು, ಅದರ ಅಂಚು ಎಷ್ಟು ಡಿಗ್ರಿಯಲ್ಲಿ ನಿಲ್ಲುತ್ತದೆ ಎಂದು ಅಳೆಯುತ್ತಿದ್ದೆವು.

ನಾನು ಎಂಎಸ್ಸಿ ಪ್ರಾಜೆಕ್ಟಿಗೆ ಅಲ್ಲಿದ್ದ ವರ್ಷ, ಎಪ್ಪತ್ತನಾಲ್ಕು ಡಿಗ್ರಿಯಲ್ಲಿ ಹರಡಿ ಕೂರಬೇಕಾದ ಹನಿ ಇದ್ದಕ್ಕಿದ್ದಂತೆ ತೊಂಬತ್ತೆಂಟಕ್ಕೆ ಏರಿ ಮುತ್ತಿನಂತೆ ನಿಂತಿತು. ಒಂದಲ್ಲ, ಹದಿನೆಂಟು ಬಿಲ್ಲೆಗಳ ಮೇಲೆ.

ಲ್ಯಾಬಿನ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ದಶಮಾಂಶ. ಚಹಾಕ್ಕೆ ಸಕ್ಕರೆ ಎಷ್ಟು ಎಂದರೂ "ಒಂದೂವರೆ" ಅನ್ನದೆ "ಒಂದು ಪಾಯಿಂಟ್ ಐದು" ಅನ್ನುವವರು. ಅವರು ಹನಿಯನ್ನು ನೋಡಿದರು, ಅಕ್ಕನನ್ನು ನೋಡಿದರು.

"ತೊಳೆದಿರೋದು ಸರಿಯಿಲ್ಲ. ಜಿಡ್ಡು ಕೂತಿದೆ."

"ಜಿಡ್ಡಾ? ನನ್ನ ಬಿಲ್ಲೆ ಮೇಲಾ?"

"ನಾನಲ್ಲಮ್ಮ ಹೇಳ್ತಿರೋದು, ನೀರು ಹೇಳ್ತಿದೆ."

"ಹತ್ತೊಂಬತ್ತು ವರ್ಷ ಸುಮ್ನಿದ್ದ ನೀರು ಈಗ ಮಾತು ಕಲೀತಾ ಸರ್?"

ಈ ಮಾತಿಗೆ ನಾನು ನಕ್ಕಿದ್ದೇ ತಪ್ಪಾಯಿತೇನೋ. ಸಂಜೆಯೊಳಗೆ ದಶಮಾಂಶ ಆಫೀಸಿಗೆ ಪತ್ರ ಬರೆದರು: ಶುಚಿತ್ವದ ಲೋಪದ ಕಾರಣ ಈ ಅಟೆಂಡರನ್ನು ಸೋಮವಾರದಿಂದ ಹಳೇ ಉತ್ತರಪತ್ರಿಕೆಗಳ ಗೋದಾಮಿಗೆ ಹಾಕಬೇಕು.

ಅಕ್ಕ ಅಳಲಿಲ್ಲ. ಸಿಂಕಿನ ಹತ್ತಿರ ನಿಂತು ತಮ್ಮ ಕೈಗಳನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ದ್ರಾವಕದಿಂದ ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು.

"ನೋಡೇ, ಹತ್ತೊಂಬತ್ತು ವರ್ಷ ತೊಳೆದೂ ತೊಳೆದೂ ಕೊನೆಗೆ ಕೊಳಕಿ ಅನ್ನಿಸ್ಕೊಂಡು ಈ ಬಾಗಿಲು ದಾಟ್ಲಾ? ನಮ್ಮತ್ತೆಗೆ ಗೊತ್ತಾದ್ರೆ ಗೋದಾಮಿಗಿಂತ ಮನೇನೇ ಕಷ್ಟ."

ಶುಕ್ರವಾರ ಊಟದ ಬಿಡುವಿನಲ್ಲಿ ಅಕ್ಕ ಆ ಹದಿನೆಂಟರಲ್ಲಿ ಒಂದು ಬಿಲ್ಲೆ ಎತ್ತಿ, ಹೊಸದಾಗಿ ಬಂದಿದ್ದ ನೀಲಿ ಮುಚ್ಚಳದ ಬಾಟಲಿಯ ದ್ರಾವಕದಲ್ಲಿ ಅದ್ದಿ ಒಣಗಿಸಿದರು. ಹನಿ ಬಿಟ್ಟೆವು. ಎಪ್ಪತ್ತನಾಲ್ಕು.

"ಅಕ್ಕಾ, ಜಿಡ್ಡು ಹೋಯ್ತು!"

"ಬಾಯ್ಮುಚ್ಚು." ಅದೇ ಬಿಲ್ಲೆಯನ್ನು ಕೆಂಪು ಮುಚ್ಚಳದ್ದರಲ್ಲಿ ಅದ್ದಿದರು. ತೊಂಬತ್ತೆಂಟು. ಮತ್ತೆ ನೀಲಿ, ಎಪ್ಪತ್ತನಾಲ್ಕು. ಮತ್ತೆ ಕೆಂಪು. ಆರು ಸಲ ಹೋಯಿತು, ಆರು ಸಲ ಬಂತು. ಕಿಟಕಿಯ ಬಿಸಿಲು ಹನಿಯೊಳಗೆ ಒಮ್ಮೆ ಚಪ್ಪಟೆಯಾಗಿ, ಒಮ್ಮೆ ದುಂಡಗಾಗಿ ಮಿನುಗುತ್ತಿತ್ತು. ನನಗೆ ಹಸಿವು ಮರೆತುಹೋಗಿತ್ತು.

ಅಕ್ಕ ದಶಮಾಂಶರನ್ನು ಕರೆಸಿದರು. ಕರೆಸಿದರು ಅನ್ನುವುದೇ ಸರಿ.

"ಸರ್, ಕೊಳೆ ಅಂದ್ರೆ ತೊಳೆದಾಗ ಹೋಗ್ಬೇಕು. ತೊಳೆದಾಗ ವಾಪಸ್ ಬರೋ ಕೊಳೆ ಎಲ್ಲಾದ್ರೂ ಉಂಟಾ?"

ಅವರು ತಾವೇ ಎರಡು ಸಲ ಅದ್ದಿ ನೋಡಿದರು. ಒಮ್ಮೆ ಬಿಲ್ಲೆ ಕೆಳಗೆ ಬಿತ್ತು, ಅಕ್ಕ ಎತ್ತಿಕೊಟ್ಟರು.

"ಒಳಗೇ ಜಾಗ ಬದಲಾಗ್ತಿದೆ," ಅಂದರು ನಿಧಾನವಾಗಿ.

"ನಮ್ಮನೇಲಿ ದಿನಾ ಆಗೋದೇ ಸರ್. ಅತ್ತೆ ಕಡೆ ನೆಂಟರು ಬಂದ್ರೆ ಅತ್ತೆ ಮುಂದಿನ ಕೋಣೆಗೆ, ನಾನು ಒಲೆ ಹತ್ರ. ನಮ್ಮಣ್ಣ ಬಂದ್ರೆ ನಾನು ಮುಂದೆ, ಅತ್ತೆ ಮುದುರಿಕೊಂಡು ಮೂಲೆಗೆ. ಇಬ್ರೂ ಮನೆ ಬಿಟ್ಟು ಹೋಗೋ ಹಾಗಿಲ್ಲ. ಬಾಗಿಲಿಗೆ ಬಂದೋರು ಯಾರು ಅನ್ನೋದ್ರ ಮೇಲೆ ಇದೆ."

ಪುಸ್ತಕದಲ್ಲಿ ಇದಕ್ಕೆ ಹನ್ನೊಂದು ಪುಟವಿದೆ. ನೀಲಿ ಮುಚ್ಚಳದ ದ್ರಾವಕಕ್ಕೆ ಎರಡೂ ತುಂಡು ಇಷ್ಟ. ಹೊರತುದಿಯ ತುಂಡು ಆರಾಮವಾಗಿ ಮೇಲೇ ಉಳಿಯುತ್ತದೆ. ಕೆಂಪಿನದಕ್ಕೆ ಬುಡದ ತುಂಡು ಮಾತ್ರ ಇಷ್ಟ. ಹೊರತುದಿಯದು ಮುದುರಿ ಉಂಡೆಯಾಗಿ ಅಡಗುತ್ತದೆ, ಬುಡದ್ದು ಮೇಲೇರಿ ಅದನ್ನು ಮುಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ಯಾವುದರಲ್ಲಿ ಅದ್ದಿದೆವೋ ಆ ಭಂಗಿಯಲ್ಲೇ ಪದರ ಒಣಗಿಬಿಡುತ್ತದೆ.

"ಆದ್ರೆ ಕೆಂಪು ಬಾಟ್ಲಿ ಮುಟ್ಟೋದಕ್ಕೆ ಯಾರು ಹೇಳಿದ್ದು?" ದಶಮಾಂಶರ ದನಿ ಮತ್ತೆ ಏರಿತು.

"ನೀವೇ ಸರ್. ಹೋದ ವಾರ ನೀಲಿ ಖಾಲಿಯಾದಾಗ, 'ಎರಡೂ ದ್ರಾವಕಾನೇ, ತೊಳೆಯೋದಕ್ಕೆ ಯಾವ್ದಾದ್ರೇನು' ಅಂದ್ರಿ. ಇವಳೂ ಇದ್ದಳು."

ನಾನು ತಲೆಯಾಡಿಸಿದೆ.

"ನಂಗೆ ಮೊದ್ಲೇ ಅನುಮಾನ ಇತ್ತು," ಅಂದರು ಅವರು.

"ಇತ್ತು ಸರ್. ನನ್ನ ಮೇಲೆ."

ಆಗಲೇ ನಾಲ್ಕು ಗಂಟೆ. ಆಫೀಸು ಮುಚ್ಚುವುದು ಐದಕ್ಕೆ, ಕಾರಣ ಬರೆದುಕೊಡದೆ ಆಫೀಸಿನವರು ಹಳೇ ಪತ್ರ ವಾಪಸ್ ಕೊಡುವವರಲ್ಲ. ದಶಮಾಂಶ ಬರೆಯಲು ಕೂತರು, ಅಕ್ಕ ಹಿಂದೆ ನಿಂತರು.

'ತಾಂತ್ರಿಕ ಕಾರಣಗಳಿಂದ...'

"ತಾಂತ್ರಿಕ ಅಂದ್ರೆ ನಾನಾ, ನೀವಾ ಸರ್?"

ಹಾಳೆ ಹರಿಯಿತು. 'ದ್ರಾವಕಗಳ ಗೊಂದಲದಿಂದಾಗಿ...'

"ದ್ರಾವಕಕ್ಕೆ ಏನು ಗೊಂದಲ? ಪಾಪ, ಅದ್ರ ಕೆಲಸ ಅದು ಸರಿಯಾಗೇ ಮಾಡಿದೆ."

ಅವರ ಕಿವಿ ಕೆಂಪಾಯಿತು. ಆ ಹಾಳೆಯನ್ನೂ ಹರಿದು ಮೂರನೆಯದನ್ನು ಎಳೆದುಕೊಂಡರು. ಕೊನೆಗೆ ಬರೆದರು: ಬಾಟಲಿ ಬದಲಿಸಲು ಹೇಳಿದವನು ನಾನು. ತೊಳೆದದ್ದರಲ್ಲಿ ಯಾವ ಲೋಪವೂ ಇಲ್ಲ. ನನ್ನ ಹಿಂದಿನ ಪತ್ರವನ್ನು ರದ್ದುಪಡಿಸಬೇಕು.

ಅಕ್ಕ ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿ, ತಾರೀಕು ಹಾಕಿಸಿಕೊಂಡು, ಏಪ್ರನ್ ಕೂಡ ಬಿಚ್ಚದೆ ಹೊರಟರು. ಐದಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ಮೊಹರು ಬಿದ್ದ ಪ್ರತಿ ಹಿಡಿದು ಬಂದರು.

"ಆಫೀಸಿನವರು ಏನಂದ್ರಕ್ಕಾ?"

"ಏನಂತಾರೆ? ಸರ್ ಸಹಿ ಅಸಲೀನಾ ಅಂತ ಮೂರು ಸಲ ಕೇಳಿದ್ರು."