ಮಣ್ಣು ಸುಡುತ್ತಾ ಮೇಡಂ?

ನಮ್ಮ ಕಾಲೇಜು ಲ್ಯಾಬಿನ ಅತ್ತೆ ಯಾರ ಅತ್ತೆಯೂ ಅಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಗಾಜಿನ ಸಾಮಾನು ತೊಳೆಯುವವರು. ಏನಾದರೊಂದು ಪ್ರಶ್ನೆ ಕೇಳದೆ ಒಂದು ಫ್ಲಾಸ್ಕನ್ನೂ ಕೆಳಗಿಟ್ಟವರಲ್ಲ. ನಾನು ಅಲ್ಲೇ ಪಾಠ ಮಾಡುವವಳು, ನನಗೆ ಮೂಗಿನ ತುದಿಯಲ್ಲೇ ಕೋಪ.

ನನ್ನ ಸಂಶೋಧನೆ ಹುಳಿಮಣ್ಣಿನ ಮೇಲೆ. ಆಮ್ಲದಲ್ಲಿ ಕುದಿಸಿ ತೊಳೆದ ಜೇಡಿಮಣ್ಣಿನ ಪುಡಿ ಅದು. ಗಂಧಕಾಮ್ಲ ಬೇರೆ ರಾಸಾಯನಿಕಗಳ ಕೈಲಿ ರೇಗಾಡಿ ಮಾಡಿಸುವ ಕೆಲಸವನ್ನು ಇದು ಸದ್ದಿಲ್ಲದೆ ಮಾಡಿಸುತ್ತದೆ. ಸೋಸಿ, ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿದರೆ ಮತ್ತೆ ಬಳಸಬಹುದು.

“ಬೇರೆಯವರ ಕೈಲಿ ಕೆಲಸ ಮಾಡಿಸಿ ತಾನು ಸವೆಯಲ್ವಾ? ನಮ್ಮನೆಯವರ ಹಾಗೇ ಅನ್ನಿ,” ಎಂದಿದ್ದರು ಅತ್ತೆ. ಆದರೆ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ, ಫ್ಯಾನ್ ಆರಿಸಿಯೇ ಡಬ್ಬಿ ತೆರೆಯುತ್ತಿದ್ದರು.

ಮೊನ್ನೆ ಸೋಮವಾರ ಮಣ್ಣು ಒಣಗಿಸುವ ಓವನ್ ಢಮ್ಮೆಂದಿತು. ಬಾಗಿಲು ಕಿತ್ತುಹೋಗಿ ಎದುರಿನ ಗೋಡೆಗೆ ಬಡಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಓವನ್ ನೋಡಿಕೊಳ್ಳುವವರು ಅತ್ತೆ, ಹಾಗಾಗಿ ವಿಭಾಗದ ಮುಖ್ಯಸ್ಥರು ಹಿಂದೆಮುಂದೆ ನೋಡದೆ, “ನಾಳೆಯಿಂದ ಬರೋದು ಬೇಡಮ್ಮ,” ಎಂದುಬಿಟ್ಟರು. ಅತ್ತೆಯ ಮನೆಯಲ್ಲಿ ದುಡಿಯುವ ಕೈ ಅದೊಂದೇ. ನಾನು ತುಟಿಪಿಟಕ್ಕೆನ್ನಲಿಲ್ಲ.

ಅತ್ತೆ ಅಳಲಿಲ್ಲ. ಕರಿ ಹಿಡಿದ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಮಣ್ಣು ಸುಡುತ್ತಾ ಮೇಡಂ?”

“ಇಲ್ಲ ಅತ್ತೆ.”

“ಮತ್ತೆ ಸುಟ್ಟಿದ್ದೇನು?”

ಎದ್ದು ಹೋಗಿ ಆವಿಯನ್ನು ಹೊರಗೆಳೆಯುವ ಕಪಾಟಿನ ಗಾಜು ಸರಿಸಿದರು. “ಸ್ಪಿರಿಟ್ಟಲ್ಲಿ ತೊಳೆದ ಮಣ್ಣನ್ನ ನಾನು ಎರಡು ದಿನ ಇಲ್ಲೇ ಆರೋಕೆ ಬಿಡ್ತೀನಿ. ನನ್ನ ತಟ್ಟೆ ಇನ್ನೂ ಇಲ್ಲೇ ಇದೆ ನೋಡಿ. ಹಾಗಾದ್ರೆ ಓವನ್ನಿನೊಳಗಿದ್ದ ತಟ್ಟೆ ಯಾರದು?”

ಆ ಕಣ್ಣಲ್ಲಿ ದೂರಿರಲಿಲ್ಲ, ಬರೀ ಕುತೂಹಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೆಳಿಗ್ಗೆ ಅವಸರಕ್ಕೆ ಬಿದ್ದು, ಸ್ಪಿರಿಟ್ ಆರದ ಹಸಿ ಮಣ್ಣನ್ನೇ ಓವನ್ನಿಗಿಟ್ಟು ಪಾಠಕ್ಕೆ ಓಡಿದವಳು ನಾನು. ಅದರ ಆವಿ ಒಳಗೆ ತುಂಬಿ ಹೊತ್ತಿಕೊಂಡಿತ್ತು.

“ನನ್ನದು ಅತ್ತೆ,” ಎಂದೆ.

ಅವರನ್ನು ಕರೆದುಕೊಂಡೇ ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅತ್ತೆಗೆ, “ನೀವು ನಾಳೆ ಬನ್ನಿ,” ಎಂದರು. ನನ್ನ ಕಡೆ ತಿರುಗಿದರು.

“ಅವರನ್ನ ಬೇಡ ಅಂದಾಗ ನೀವೂ ಅಲ್ಲೇ ಇದ್ರಲ್ಲ, ಯಾಕೆ ಸುಮ್ಮನಿದ್ರಿ?”



“ಅದೊಂದು ಕೇಳಬೇಡಿ ಸಾರ್,” ಎಂದರು ಅತ್ತೆ.