ಮಾವನ ಹಳೇ ಫ್ಲ್ಯಾಶ್

ಹೊಸ ಸೆಲ್ ಹಾಕಿಸಿ ಫ್ಲ್ಯಾಶನ್ನು ಕ್ಯಾಮೆರಾ ಮೇಲೆ ಕೂರಿಸಬೇಕು, ಅಷ್ಟರಲ್ಲಿ ಚನ್ನಪಟ್ಟಣದ ಸ್ಟುಡಿಯೋ ಯಜಮಾನರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

“ಏ ತಡಿ ತಾಯಿ! ಇದು ರೀಲ್ ಕಾಲದ್ದು. ನಿನ್ ಡಿಜಿಟಲ್ ಕ್ಯಾಮೆರಾಗೆ ಹಾಕುದ್ರೆ ಸುಟ್ಟೋಯ್ತದೆ!”

ಹೊಸದೇಕೆ ದಂಡ ಎಂದು ಸೋದರಮಾವ ಕೊಟ್ಟಿದ್ದ ಫ್ಲ್ಯಾಶ್ ಅದು. ಕ್ಯಾಮೆರಾಗೆ ತಾಗುವ ಅದರ ತಳಕ್ಕೆ ಯಜಮಾನರು ಕರೆಂಟ್ ಅಳೆಯುವ ಮೀಟರಿನ ಕಡ್ಡಿ ಮುಟ್ಟಿಸಿದರು. ಅಂಕಿ ಇನ್ನೂರು ವೋಲ್ಟ್ ದಾಟಿತು. ನಾನು ಕ್ಯಾಮೆರಾವನ್ನು ದೂರ ಎಳೆದುಕೊಂಡೆ. ಅಕ್ಕೂರಿನಲ್ಲಿ ಅಮ್ಮ ರೇಷ್ಮೆಗೂಡು ಮಾರಿ ಕೊಡಿಸಿದ ಕ್ಯಾಮೆರಾ ನನ್ನದು.

“ಕಮ್ಮಿ ರೇಟಿಂದೇ ತಗೋ, ಆದ್ರೆ ಈಗಿನ್ ಕಾಲದ್ದು ತಗೋ,” ಎಂದು ಸಾದಾ ಫ್ಲ್ಯಾಶೊಂದನ್ನು ಕೊಟ್ಟರು.

ಕೊಂಡು ಹೊರಬಂದ ಮೇಲೆ ನೆನಪಾಯಿತು. ಹಿಂದಿನ ದಿನ ಮನೆಯಲ್ಲಿ ಮಾವನ ಫ್ಲ್ಯಾಶನ್ನು ಕ್ಯಾಮೆರಾಗೆ ಸಿಕ್ಕಿಸಿ ಹತ್ತಾರು ಸಲ ಒತ್ತಿದ್ದೆ. ಒಳಗಿದ್ದ ಸೆಲ್‌ಗಳು ಸತ್ತಿದ್ದವು. ಬೆಳಕೇ ಬರಲಿಲ್ಲವೆಂದು ಆ ಸೆಲ್‌ಗಳಿಗೇ ಬಾಯಿಗೆ ಬಂದಂತೆ ಬೈದಿದ್ದೆ.