ಗ್ಯೋಟೋಕುವಿನ ಕರಿಕೋಟು

ಸತ್ಯವತಮ್ಮ ಯಾಮಿನಿಯ ಬಗ್ಗೆ ಮೊದಲು ಕೇಳಿದ್ದೇ ಒಂದು ಸಾವಿನ ಸುದ್ದಿಯಾಗಿ. ಕೆಳಮನೆಯ ಉಯೆದಾ ಸಾನ್ ಲಿಫ್ಟಿನ ಹತ್ತಿರ ಸತ್ಯವತಮ್ಮನ ಮಗಳು ಇಂದುವನ್ನು ತಡೆದು, ದನಿ ತಗ್ಗಿಸಿ, ಎದುರು ಬ್ಲಾಕಿನಲ್ಲಿ ನಿಮ್ಮ ದೇಶದ ಹೆಂಗಸೊಬ್ಬಳು ಬೆಳಗ್ಗೆ ಕರಿಕೋಟು, ಬಿಳಿ ಅಂಗಿ ತೊಟ್ಟು ಕಸದ ಚೀಲ ಹಿಡಿದು ಬಂದಿದ್ದಳು, ಮನೆಯಲ್ಲಿ ಯಾರು ತೀರಿಕೊಂಡರು ಪಾಪ, ಎಂದು ಕೇಳಿದ್ದರು. ಗ್ಯೋಟೋಕುವಿನಲ್ಲಿ, ಜಪಾನಿನ ಉಳಿದೆಡೆಯಂತೆ, ಅದು ಸಾವಿಗೆ ಹೋಗುವ ಉಡುಪು.

"ಯಾರೂ ಸತ್ತಿಲ್ಲಮ್ಮ," ಇಂದು ನಗುತ್ತ ಚಪ್ಪಲಿ ಬಿಟ್ಟಳು. "ಮೈಸೂರು ಕೋರ್ಟಿನ ಲಾಯರ್ ಅಂತೆ. ಗಂಡ ಪ್ರದೀಪಂಗೆ ಇಲ್ಲಿ ಪೋಸ್ಟಿಂಗ್. ಚಳಿಗೆ ಬೇರೆ ಕೋಟ್ ತಂದಿಲ್ಲ, ಇರೋದನ್ನೇ ಹಾಕ್ಕೊಂಡು ಬಂದಿದ್ದಾಳೆ."

ರೊಟ್ಟಿ ತಟ್ಟುತ್ತಿದ್ದ ಸತ್ಯವತಮ್ಮನ ಕೈ ನಿಂತಿತು. ಅವರ ಗಂಡ ಶ್ರೀಕಂಠಯ್ಯ ಹುಣಸೂರು ಕೋರ್ಟಿನಲ್ಲಿ ಮೂವತ್ತೊಂದು ವರ್ಷ ದಫೇದಾರರಾಗಿದ್ದವರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವರ ಕೆಲಸ. ಅವರು ಹೋಗಿ ಒಂಬತ್ತು ವರ್ಷವಾಗಿತ್ತು. ಮೊಮ್ಮಗಳನ್ನು ನೋಡಿಕೊಳ್ಳಲು ಜಪಾನಿಗೆ ಬಂದ ಮೇಲೆ ಆ ಕೂಗು ಹೇಗಿರುತ್ತದೆಂದು ತಿಳಿದವರು ಸುತ್ತಮುತ್ತ ಒಬ್ಬರೂ ಇರಲಿಲ್ಲ.

ಮಾರನೆಯ ದಿನವೇ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಎದುರು ಬ್ಲಾಕಿಗೆ ಹೋದರು.

ಯಾಮಿನಿಗೆ ನಲವತ್ತರ ಆಸುಪಾಸು. ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು, ಬಲಗೈ ತುದಿ ಮೇಜಿಗೆ ಉಜ್ಜಿ ಉಜ್ಜಿ ಹೊಳಪಾಗಿತ್ತು. ಹನ್ನೊಂದು ವರ್ಷ ಪ್ರಾಕ್ಟೀಸು ಮಾಡಿದ್ದಳಂತೆ. ದಫೇದಾರರ ಹೆಂಡತಿ ಎಂದು ತಿಳಿದದ್ದೇ ತಡ, ರೊಟ್ಟಿ ಪಕ್ಕಕ್ಕಿಟ್ಟು ಕೂತಳು.

"ನಿಮ್ಮ ಯಜಮಾನ್ರು ಹೇಗೆ ಕೂಗ್ತಿದ್ರು, ಹೇಳಿ."

"ಮೊದಲನೇದು ಮೆಲ್ಲಗೆ. ಎರಡನೇದು ಹೊಂಗೆ ಮರದವರೆಗೆ ಕೇಳಬೇಕು. ಮೂರನೇದಕ್ಕೆ ಹೋಟ್ಲಲ್ಲಿ ಕಾಫಿ ಕುಡಿಯೋನು ಲೋಟ ಬಿಟ್ಟು ಓಡಿ ಬರಬೇಕು. ನಿಂಗಪ್ಪ ಬಿನ್ ಚಿಕ್ಕಯ್ಯ ಅಂತ ಅವರು ಎಳೆದ್ರೆ, ಇಲ್ಲದ ನಿಂಗಪ್ಪನೂ ಎದ್ದು ಬರೋನು."

"ಒಂದ್ಸಲ ಕೂಗಿ ತೋರ್ಸಿ."

"ಹೋಗಮ್ಮ. ಹೆಂಗಸು ಕೂಗೋ ಕೂಗಲ್ಲ ಅದು."

ಭಾನುವಾರ ಪಾರ್ಕಿಗೆ ಬರುವ ಕನ್ನಡದವರ ಕಾಗದ ಪತ್ರಗಳನ್ನು ಯಾಮಿನಿ ಓದಿ ಅರ್ಥ ಹೇಳುತ್ತಿದ್ದಳು. ಸಹಿ ಮಾಡುತ್ತಿರಲಿಲ್ಲ, ಒಂದು ಸಾಲೂ ಬರೆದುಕೊಡುತ್ತಿರಲಿಲ್ಲ. "ನನ್ನ ವಕೀಲಿ ಸನ್ನದು ಕರ್ನಾಟಕದ್ದು. ಸಮುದ್ರ ದಾಟಿದ ಮೇಲೆ ಬರೀ ಕಾಗದ," ಎನ್ನುವಳು. ಪ್ರದೀಪ ಕೆಣಕುತ್ತಿದ್ದ. "ಕೊಂಬಿನಿ ಅಂಗಡಿ ರಸೀದಿಗಾದರೂ ಬೆಲೆ ಇದೆ ಮೇಡಂ, ಪಾಯಿಂಟ್ಸ್ ಸಿಗುತ್ತೆ." ಅವಳು ನಗುತ್ತಿರಲಿಲ್ಲ.

ಅಷ್ಟು ಹುಷಾರಾಗಿದ್ದವಳನ್ನು ಕೆಡವಿದ್ದು ತಾನೇ ಎಂದು ಸತ್ಯವತಮ್ಮನಿಗೆ ಇಂದಿಗೂ ಅನ್ನಿಸುತ್ತದೆ.

ಕುಂದಾಪುರದ ಕಡೆಯ ದಿನೇಶ ಒಂದು ಹೋಟೆಲಿನಲ್ಲಿ ಅಡುಗೆಯವನು. ಸತ್ಯವತಮ್ಮನಿಗೆ ಕರಿಬೇವು ತಂದುಕೊಡುತ್ತಿದ್ದ. ಒಂದು ದಿನ ಚೀಲ ಕೊಟ್ಟು ಹೋಗದೆ ಬಾಗಿಲಲ್ಲೇ ನಿಂತ. ತಾಯಿಗೆ ಸೀರಿಯಸ್ಸು, ಊರಿಗೆ ಹೋಗಬೇಕು, ಪಾಸ್‌ಪೋರ್ಟ್ ಮಾಲೀಕನ ಡ್ರಾಯರಿನಲ್ಲಿದೆ, ಕೊಡುತ್ತಿಲ್ಲ. ಸತ್ಯವತಮ್ಮ ಸೆರಗು ಸರಿಮಾಡಿಕೊಂಡು ಅವನನ್ನು ನೇರ ಯಾಮಿನಿಯ ಮನೆಗೆ ಕರೆದೊಯ್ದರು.

"ಇಲ್ಲಿಯ ವಕೀಲರ ಹತ್ತಿರ ಹೋಗಪ್ಪ, ಉಚಿತ ಸಲಹೆ ಕೇಂದ್ರ ಇದೆ," ಎಂದಳು ಯಾಮಿನಿ.

"ಹೋದೆ ಮೇಡಂ. ಮುಂದಿನ ತಿಂಗಳು ಹನ್ನೆರಡಕ್ಕೆ ಬರೋಕೆ ಹೇಳಿರ್. ಅಮ್ಮ ಅಷ್ಟು ದಿನ ಕಾಯುದಿಲ್ಲ."

ಯಾಮಿನಿ ಎದ್ದು ಸೂಟ್‌ಕೇಸಿನ ತಳದಿಂದ ತನ್ನ ಹೆಸರು, 'ವಕೀಲರು, ಮೈಸೂರು' ಎಂದು ಅಚ್ಚಾದ ಹಾಳೆ ತೆಗೆದು ಮಾಲೀಕನಿಗೆ ನೋಟಿಸು ಬರೆಯಲು ಕೂತಳು. ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ, ಏಳು ದಿನದೊಳಗೆ, ತಪ್ಪಿದಲ್ಲಿ: ಎಲ್ಲ ಇಂಗ್ಲಿಷಿನಲ್ಲಿ, ಎಲ್ಲೂ ತಡೆಯದೆ ಬರೆದಳು. ಕೊನೆಗೆ ನೇರಳೆ ಶಾಯಿಯ ದುಂಡು ಮೊಹರು ಒತ್ತಿದಳು. ಮೊಹರಿಗೆ ತಲೆಬಾಗುವ ದೇಶ ಅದು. ಬರೆಯುವಾಗ ಅವಳ ಮುಖದಲ್ಲಿದ್ದ ಬೆಳಕನ್ನು ಸತ್ಯವತಮ್ಮ ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಆರನೇ ದಿನ ಪಾಸ್‌ಪೋರ್ಟ್ ಬಂತು. ದಿನೇಶ ಊರಿಗೆ ಹೋಗಿ ತಾಯಿಯ ಕೈ ಹಿಡಿದುಕೊಂಡ. ಹತ್ತನೇ ದಿನ ಯಾಮಿನಿಗೆ ಮಾಲೀಕನ ವಕೀಲರ ಕಾಗದ ಬಂತು. ಜಪಾನಿ ಬಲ್ಲ ಇಂದು ಓದಿ ಹೇಳಿದಳು. ತುಂಬ ಮರ್ಯಾದೆಯ ಭಾಷೆ. ತಾವು ಜಪಾನಿನ ಯಾವ ವಕೀಲರ ಸಂಘದಲ್ಲಿ ನೋಂದಾಯಿತರು? ಇಲ್ಲವಾದರೆ ಈ ಹೆಸರಿನಲ್ಲಿ ನೋಟಿಸು ಕೊಡುವುದು ಇಲ್ಲಿ ಅಪರಾಧ. ಇನ್ನು ಮೇಲೆ ವಕೀಲೆ ಎಂದು ಹೇಳಿಕೊಳ್ಳುವುದಿಲ್ಲ ಎಂದು ಬರೆದುಕೊಟ್ಟರೆ ಸರಿ, ಇಲ್ಲವೆಂದರೆ ಪೊಲೀಸು.

"ದುಡ್ಡು ತಗೊಂಡಿಲ್ಲವಲ್ಲಮ್ಮ ನೀನು," ಎಂದರು ಸತ್ಯವತಮ್ಮ.

"ಹೆಸರು ತಗೊಂಡೆನಲ್ಲ. ಕೇಸಾದ್ರೆ ಊರಲ್ಲೂ ಸನ್ನದು ಹೋಗಬಹುದು. ತಮಾಷೆ ಗೊತ್ತಾ? ಕಲ್ಪೆಟ್ಟದಿಂದ ಒಬ್ಬರು ವಕೀಲರು ನಮ್ಮ ಕೋರ್ಟಿಗೆ ಬಂದಿದ್ರು. ಇವರು ಹೊರರಾಜ್ಯದವರು, ಇಲ್ಲಿಯವರ ಜೊತೆ ಸೇರಿಯೇ ವಕಾಲತ್ತು ಹಾಕಲಿ ಅಂತ ನಾನೇ ಆಕ್ಷೇಪಣೆ ಎತ್ತಿದ್ದೆ. ಗೆದ್ದೆ ಕೂಡ. ಅವರು ಫೈಲು ಕಂಕುಳಲ್ಲಿ ಇಟ್ಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತ್ರು."

ಆ ಮುಚ್ಚಳಿಕೆಗೆ ಸಹಿ ಹಾಕಲು ಮಿನಾಟೋದಲ್ಲಿದ್ದ ವಕೀಲರ ಕಚೇರಿಗೆ ಹೋದ ದಿನ ಸತ್ಯವತಮ್ಮನೂ ಜೊತೆಗಿದ್ದರು. ಯಾಮಿನಿ ಅಂಗಡಿಯಿಂದ ತಂದ ಕಂದು ಸ್ವೆಟರು ಹಾಕಿದ್ದಳು. ಮಾಲೀಕನ ವಕೀಲರ ಕೋಟಿನ ಮಡಿಕೆಯಲ್ಲಿ ಒಂದು ಸಣ್ಣ ಚಿನ್ನದ ಹೂವಿನ ಬಿಲ್ಲೆ ಇತ್ತು. ಅದು ಅಲ್ಲಿಯ ವಕೀಲರ ಗುರುತು. ಸಹಿ ಮಾಡಿ ತಲೆಬಾಗಿ 'ಸುಮಿಮಾಸೆನ್', ಕ್ಷಮಿಸಿ, ಎನ್ನುವವರೆಗೂ ಅವಳ ಕಣ್ಣು ಅದರ ಮೇಲೇ ಇತ್ತು.

ಅಂದಿನಿಂದ ಭಾನುವಾರದ ಪಾರ್ಕು ನಿಂತಿತು. ಯಾರಾದರೂ ಲಾಯರಮ್ಮ ಎಂದರೆ, "ಯಾಮಿನಿ ಅನ್ನಿ ಸಾಕು," ಎಂದು ಮೆಲ್ಲಗೆ ತಿದ್ದುವಳು. ಕೋಟು ಮೊಳೆಯಿಂದ ಇಳಿದು ಸೂಟ್‌ಕೇಸು ಸೇರಿತು. ಚೈತ್ರದಲ್ಲಿ ಪ್ರದೀಪನ ಪ್ರಾಜೆಕ್ಟು ದೂರದ ಕೋಬೆ ಊರಿಗೆ ಹೋಯಿತು. ಇನ್ನೂ ನಾಲ್ಕು ವರ್ಷವಂತೆ.

ಹೊರಡುವ ಬೆಳಗ್ಗೆ ಅವಳು ಸತ್ಯವತಮ್ಮನನ್ನು ಹುಡುಕಿಕೊಂಡು ಬಂದಳು. ಇಬ್ಬರೂ ರೈಲುಹಳಿಯ ಕೆಳಗಿನ ದಾರಿಯಲ್ಲಿ ನಡೆದರು. ಮೇಲೆ ತೋಜಾಯಿ ರೈಲು ಹಾದಾಗ ಮಾತು ಕೇಳಿಸುತ್ತಿರಲಿಲ್ಲ, ಹೋದ ಮೇಲೆ ಮುಂದುವರಿಸುತ್ತಿದ್ದರು. ಒಂದು ಕಂಬದ ಹತ್ತಿರ ಯಾಮಿನಿ ನಿಂತಳು.

"ಅಮ್ಮ, ನಾನು ಹೇಳಿಕೊಳ್ಳಲ್ಲ ಅಂತ ಬರ್ಕೊಟ್ಟಿದ್ದೀನಿ. ಇನ್ನೊಬ್ಬರು ಕರೀಬಾರ್ದು ಅಂತ ಅದರಲ್ಲಿ ಎಲ್ಲೂ ಇಲ್ಲ. ಮೂರು ಸಲ ಓದಿ ನೋಡಿದೆ." ತುಟಿಯ ಒಂದು ಬದಿ ನಕ್ಕಿತು, ಇನ್ನೊಂದು ಬದಿ ಒಪ್ಪಲಿಲ್ಲ. "ಮುಂದಿನ ರೈಲು ಬರುವಾಗ ಯಾರಿಗೂ ಕೇಳಲ್ಲ. ನಿಮ್ಮ ಯಜಮಾನ್ರು ಕೂಗೋ ಹಾಗೇ, ವಕೀಲರು ಅಂತ ಸೇರಿಸಿ, ನನ್ನ ಹೆಸರು ಕೂಗ್ತೀರಾ? ಮೂರು ಸಲ."